ಡಾಕ್ಟ್ರು ಹಿಚ್ ಆರಿಸಿದ್ದು

ಡಾಕ್ಟ್ರು ಹೇಳಿದ ಮಾತುಗಳಲ್ಲಿ ತಪ್ಪೆಂಬುದು ಒಂದೂ ಇರಲಿಲ್ಲ. ನನ್ನ ತಕರಾರು ಇರುವುದೇ ಅದರ ಮೇಲೆ.

ಈ ಸಲದ ಚಳಿಗಾಲ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಇಲ್ಲಿ ಅಮೆರಿಕದಲ್ಲಿ, ವರ್ಜೀನಿಯಾದ ಸ್ಟರ್ಲಿಂಗ್‌ನ ಒಂದು ಬಾಡಿಗೆ ಹಾಲ್‌ನಲ್ಲಿ ವೈಕುಂಠ ಸಮಾರಾಧನೆ ನಡೆಯಿತು, ಅಡುಗೆ ನನ್ನದೇ. ಊಟಕ್ಕೆ ಮೊದಲು ಒಬ್ಬೊಬ್ಬರಾಗಿ ಮೈಕ್ ಹಿಡಿದು ಮಾತಾಡಿದರು. ಪರ್ಫೆಕ್ಷನಿಸ್ಟ್ ಅಂದರು, ಜೆಂಟಲ್‌ಮನ್ ಅಂದರು, ಆಂಟಿಯನ್ನು ಅವರು ನೋಡಿಕೊಂಡ ಹಾಗೆ ಯಾವ ಗಂಡನೂ ನೋಡಿಕೊಳ್ಳಲಾರ ಅಂದರು. ಸಾಂಬಾರಿನ ಪಾತ್ರೆಯ ಪಕ್ಕದಲ್ಲಿ ಸೌಟು ಹಿಡಿದು ನಿಂತಿದ್ದ ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಆಂಟಿ, ಅಂದರೆ ಅವರ ಹೆಂಡತಿ, ಮುಂದಿನ ಸಾಲಿನಲ್ಲಿ ಮಾಸ್ಕ್ ಹಾಕಿಕೊಂಡು ಯಾರ ಮಾತಿಗೂ ತಲೆಯಾಡಿಸದೆ ಕೂತಿದ್ದರು. ಅಡುಗೆಯವನಿಗೆ ಮೈಕ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅವರು ರೋಗಿಗಳನ್ನು ನೋಡುವ ಡಾಕ್ಟರಲ್ಲ, ಪಿಎಚ್‌ಡಿಯ ಡಾಕ್ಟ್ರು. ರಾಕ್‌ವಿಲ್ ಕಡೆಯ ಸರ್ಕಾರಿ ಕಚೇರಿಯೊಂದರಲ್ಲಿ ವಿಜ್ಞಾನಿಯಾಗಿದ್ದರು. ಹೊಸ ಔಷಧ ಮಾರಲು ಕಂಪನಿಗಳು ಒಪ್ಪಿಗೆ ಕೇಳಿದಾಗ, ಕೊಟ್ಟ ಪುರಾವೆ ಸಾಕೋ ಸಾಲದೋ ಎಂದು ನೋಡುವುದು ಅವರ ಕೆಲಸ. ಬಹುಪಾಲು ಅವರು ಹೇಳುತ್ತಿದ್ದುದು "ಸಾಲದು" ಎಂದೇ. "ನಾನು ಸಾಲದು ಅಂದಿದ್ದಕ್ಕೆ ಎಷ್ಟೋ ಜನ ಬದುಕಿದಾರೆ ಕಣಯ್ಯ. ಅವರಿಗೇ ಅದು ಗೊತ್ತಿಲ್ಲ" ಎಂದು ಒಮ್ಮೆ ನನಗೆ ಹೇಳಿದ್ದರು. ಸುಳ್ಳಲ್ಲ ಅದು. ನಿವೃತ್ತರಾದ ದಿನ ಎಲ್ಲರೂ ಕಚೇರಿಯಿಂದ ಗಡಿಯಾರವೋ ಗಿಡವೋ ಮನೆಗೆ ತರುತ್ತಾರೆ. ಇವರು ಆ ಒಂದು ಪದವನ್ನು ತಂದರು.

ನನಗೆ ಅವರ ಪರಿಚಯವಾದದ್ದು ಮೊಸರನ್ನದ ದೆಸೆಯಿಂದ. ಯಾವುದೋ ಯುಗಾದಿ ಕಾರ್ಯಕ್ರಮಕ್ಕೆ ನನ್ನ ಕೇಟರಿಂಗ್ ಇತ್ತು. ತಟ್ಟೆ ಹಿಡಿದು ಸಾಲಿನಲ್ಲಿ ಬಂದ ತೆಳ್ಳಗಿನ ಮನುಷ್ಯರೊಬ್ಬರು, ಗರಿಗರಿ ಇಸ್ತ್ರಿಯ ಅಂಗಿಯ ಜೇಬಿನಿಂದ ಪೆನ್ನಿನಂಥದ್ದೊಂದನ್ನು ತೆಗೆದು ನನ್ನ ಮೊಸರನ್ನಕ್ಕೆ ಚುಚ್ಚಿದರು. ಥರ್ಮಾಮೀಟರು.

"ಏನ್ ಸಾರ್ ಇದು, ಮೊಸರನ್ನಕ್ಕೆ ಜ್ವರ ನೋಡ್ತಿದೀರಾ?" ಅಂದೆ.

"ಜ್ವರ ಬಂದಿದೆ ಕಣಯ್ಯ. ಇದನ್ನ ಫ್ರಿಜ್ಜಿಂದ ತೆಗೆದು ಎಷ್ಟು ಹೊತ್ತಾಯ್ತು?"

ಹಿಂದೆ ನಿಂತವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆದರೆ ಮುಂದಿನ ವಾರ ಅವರೇ ನನ್ನ ಅಡುಗೆಮನೆ ಹುಡುಕಿಕೊಂಡು ಬಂದರು. ಕೌಂಟಿಯ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಬಂದು ಹೋದಾಗಲೆಲ್ಲ ನನಗೆ ಒಂದಲ್ಲ ಒಂದು ಕೊಕ್ಕೆ ಬೀಳುತ್ತಿತ್ತು. ಇವರು ಇಡೀ ಶನಿವಾರ ನಿಂತು, ಯಾವ ಪಾತ್ರೆ ಎಲ್ಲಿಡಬೇಕು, ಅನ್ನ ಎಷ್ಟು ಬೇಗ ತಣಿಸಬೇಕು, ಕೈ ತೊಳೆಯುವ ಸಿಂಕ್ ಯಾವ ಕಡೆ ಇರಬೇಕು ಎಲ್ಲವನ್ನೂ ಸರಿಪಡಿಸಿದರು. ಒಂದು ಲೋಟ ಕಾಫಿಗಿಂತ ಹೆಚ್ಚಿಗೆ ಏನನ್ನೂ ಮುಟ್ಟಲಿಲ್ಲ. ಅಲ್ಲಿಂದಾಚೆ ಯಾವ ಇನ್ಸ್‌ಪೆಕ್ಟರೂ ನನ್ನನ್ನು ಅಲ್ಲಾಡಿಸಿಲ್ಲ. ಹೊಸದಾಗಿ ಕೇಟರಿಂಗ್‌ಗೆ ಇಳಿಯುವವರಿಗೆ ಈಗಲೂ ಹೇಳುತ್ತೇನೆ: ಇನ್ಸ್‌ಪೆಕ್ಟರ್ ಬಂದರೆ ನಗು ತೋರಿಸಬೇಡಿ, ಥರ್ಮಾಮೀಟರ್ ತೋರಿಸಿ. ಈ ಬುದ್ಧಿ ಅವರದು. ಅವರ ಋಣ ನನ್ನ ಮೇಲಿದೆ, ಅದನ್ನು ಮುಚ್ಚಿಟ್ಟು ಮುಂದಿನದನ್ನು ಬರೆದರೆ ಅನ್ಯಾಯವಾಗುತ್ತದೆ.

ನಾನು ತುಮಕೂರಿನ ಹೋಟೆಲೊಂದರಲ್ಲಿ ತಟ್ಟೆ ಎತ್ತಿ ಬೆಳೆದವನು. ಇಲ್ಲಿಗೆ ಬಂದು ಬೇರೆಯವರ ಒಲೆಯ ಮುಂದೆ ಬೆಂದು, ಆಮೇಲೆ ಸ್ವಂತ ಒಲೆ ಹಚ್ಚಿ, ವ್ಯಾನು ಕೊಂಡು, ಅದರ ಹಿಂದೆ ಸಣ್ಣದೊಂದು ಟ್ರೈಲರ್ ಎಳೆದುಕೊಂಡು ಕೆರೊಲಿನಾ, ಅಟ್ಲಾಂಟಾವರೆಗೂ ಮದುವೆಯ ಅಡುಗೆಗೆ ಹೋಗಿಬಂದವನು. ಯಾವ ವಸ್ತುವನ್ನೂ ಅಂಗಡಿಯವನು ಹೇಳಿದ ಬೆಲೆಗೆ ಕೊಂಡಿಲ್ಲ. ಡಾಕ್ಟ್ರಿಗೆ ನನ್ನ ಈ ಗುಣ ಇಷ್ಟ. ಏನಾದರೂ ದೊಡ್ಡದನ್ನು ಕೊಳ್ಳುವಾಗ ನನಗೆ ಫೋನ್ ಬರುತ್ತಿತ್ತು: "ಬಾರಯ್ಯ, ನೀನು ಬೆಲೆ ಮಾತಾಡು, ನಾನು ಕ್ವಾಲಿಟಿ ನೋಡ್ತೀನಿ."

ಅವರ ಮನೆಯಲ್ಲಿ ಅವರ ಮಾತಿಗೆ ಎದುರು ಯಾಕಿರಲಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಆಂಟಿಯ ಕಿಡ್ನಿಗಳು ಕೈಕೊಟ್ಟು ಡಯಾಲಿಸಿಸ್‌ಗೆ ಹೋಗುತ್ತಿದ್ದ ಕಾಲ. ಪಕ್ಕದಲ್ಲಿ ಕೂತು ಪ್ರತಿಯೊಂದು ಕೊಳವೆಯ ಜೋಡಣೆಯನ್ನೂ ಬೆರಳಿಂದ ಮುಟ್ಟಿ ನೋಡುವುದು ಇವರ ಅಭ್ಯಾಸ. ನರ್ಸುಗಳಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ದಿನ ನರ್ಸ್ ನೋಡಿ ಹೋದ ಜೋಡಣೆಯೊಂದನ್ನು ಇವರು ಮುಟ್ಟಿದಾಗ ಬೆರಳು ಒದ್ದೆಯಾಯಿತು. ಕಂಬಳಿಯ ಕೆಳಗೆ ರಕ್ತ ಸೋರುತ್ತಿತ್ತು. ಆಂಟಿಗೆ ನಿದ್ದೆ. ಇವರು ಕೂಗಿ ಮಿಷಿನ್ ನಿಲ್ಲಿಸಿದರು. "ನಾನು ಬದುಕಿರೋದು ಇವರ ಅನುಮಾನದಿಂದ ಕಣಪ್ಪ" ಎಂದು ಆಂಟಿ ನನಗೆ ಹೇಳಿದ್ದು ತಮಾಷೆಗಲ್ಲ. ಹಾಗೆ ಒಮ್ಮೆ ಜೀವ ಉಳಿಸಿದ ಅನುಮಾನವನ್ನು ಆಮೇಲೆ ಯಾವ ಬಾಯಲ್ಲಿ ಬೇಡ ಅನ್ನುವುದು?

ಆಮೇಲೆ ಆಂಟಿಗೆ ಕಿಡ್ನಿ ಕೊಟ್ಟವರು ಅವರ ಸ್ವಂತ ತಂಗಿ. ಅಟ್ಲಾಂಟಾದ ಹತ್ತಿರ ಆಲ್ಫರೆಟ್ಟಾದಲ್ಲಿ ಗಂಡನ ಜೊತೆಗಿದ್ದರು. ಅಕ್ಕನಿಗಿಂತ ಬಾಯಿ ಜೋರು, ನಗು ಇನ್ನೂ ಜೋರು. ಅಕ್ಕನಿಗೆ ಫೋನ್ ಮಾಡಿದರೆ "ಹೇಗಿದೀಯಾ" ಅನ್ನುತ್ತಿರಲಿಲ್ಲ, "ಹೇಗಿದೆ ನಂದು?" ಅನ್ನುತ್ತಿದ್ದರು.

ಕೋವಿಡ್ ಬಂತು. ಕಿಡ್ನಿ ಹಾಕಿಸಿಕೊಂಡವರು ದೇಹ ಅದನ್ನು ತಿರಸ್ಕರಿಸದಿರಲೆಂದು ದಿನವೂ ಮಾತ್ರೆ ನುಂಗಬೇಕು. ಆ ಮಾತ್ರೆ ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುತ್ತದೆ, ಲಸಿಕೆಯೂ ಅಂಥವರಿಗೆ ಪೂರ್ತಿ ಹಿಡಿಯುವುದಿಲ್ಲ. ಡಾಕ್ಟ್ರು ಆಶ್‌ಬರ್ನಿನ ಮನೆಯ ಬಾಗಿಲು ಹಾಕಿಬಿಟ್ಟರು. ನಾನು ಸಾರು ಪಲ್ಯ ತಂದು ಗರಾಜಿನ ಮುಂದಿನ ಸ್ಟೂಲಿನ ಮೇಲಿಟ್ಟು ಹಿಂದೆ ಸರಿಯಬೇಕು. ಅವರು ಬಂದು ಡಬ್ಬಿ ಒರೆಸಿ, ಥರ್ಮಾಮೀಟರ್ ಚುಚ್ಚಿ, ಒಳಗೆ ಒಯ್ಯಬೇಕು. ಊರಿಗೆಲ್ಲ ಬಾಗಿಲು ತೆರೆದ ಮೇಲೂ ಆ ಸ್ಟೂಲ್ ಅಲ್ಲೇ ಇತ್ತು.

ಹಾಗಿರುವಾಗ ತಂಗಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಹೊಟ್ಟೆಯದು, ತಡವಾಗಿ ಸಿಕ್ಕಿದ್ದು. ಅವರು ಇಲ್ಲಿಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಆಂಟಿ ಕೇಳಿದ್ದು ಒಂದೇ: ಅವಳು ಕಣ್ಣು ಬಿಟ್ಟಿರುವಾಗ ಒಂದು ಸಲ ಹೋಗಿ ಪಕ್ಕದಲ್ಲಿ ಕೂರಬೇಕು.

ವಿಮಾನ ಬೇಡ, ಸರಿ. ಹೋಟೆಲ್ ಬೇಡ, ಅದೂ ಸರಿ. ಕಾರಿನಲ್ಲಿ ಹೋದರೆ ಇಡೀ ಹಗಲಿನ ದಾರಿ, ನಡುವೆ ಆಂಟಿ ಸಾರ್ವಜನಿಕ ಬಾತ್‌ರೂಮಿಗೆ ಹೋಗಲೇಬೇಕು. ಅಲ್ಲಿಗೆ ಡಾಕ್ಟ್ರು ನಿಂತರು. "ಅವಳು ಕೊಟ್ಟ ಕಿಡ್ನಿನ ಗ್ಯಾಸ್ ಸ್ಟೇಷನ್ ಬಾತ್‌ರೂಮಿಗೆ ತಗೊಂಡ್ಹೋಗಿ ಹಾಳು ಮಾಡ್ಕೊಂಡು, ಆಮೇಲೆ ಅವಳ ಮುಂದೆ ಹೋಗಿ ನಿಂತ್ಕೋತೀಯಾ?" ಈ ಮಾತನ್ನು ಅವರು ನನ್ನೆದುರೇ ಆಂಟಿಗೆ ಹೇಳಿದರು.

ಆದರೆ ಹೋಗುವುದೇ ಬೇಡ ಎಂದು ಅವರು ಎಂದೂ ಹೇಳಲಿಲ್ಲ. ಚಕ್ರದ ಮೇಲಿನ ಮನೆಯ ಯೋಚನೆ ಅವರದ್ದೇ. ಆರ್‌ವಿ ಟ್ರೈಲರ್ ಕೊಂಡರೆ ತಮ್ಮದೇ ಹಾಸಿಗೆ, ತಮ್ಮದೇ ಅಡುಗೆಮನೆ, ತಮ್ಮದೇ ಬಾತ್‌ರೂಮು. ಆಲ್ಫರೆಟ್ಟಾದಲ್ಲೂ ಅದರಲ್ಲೇ ಇದ್ದು, ತಂಗಿಯ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಕೂರಬಹುದು. ಒಳ್ಳೆಯ ಯೋಚನೆ. ಅದು ಹೊಳೆದ ದಿನ ಆಂಟಿ ನನಗೆ ಫೋನ್ ಮಾಡಿ, "ನಿಮ್ಮ ಅಂಕಲ್ ನನಗೆ ಬಾತ್‌ರೂಮ್ ಕೊಡಿಸ್ತಿದಾರೆ, ತಾಜ್ ಮಹಲ್ ಯಾಕೆ ಬೇಕು ಹೇಳು" ಎಂದು ನಕ್ಕಿದ್ದರು.

ದೊಡ್ಡ ಟ್ರೈಲರುಗಳಲ್ಲಿ ಫಿಫ್ತ್ ವೀಲ್ ಎಂಬ ಜಾತಿಯಿದೆ. ಇದು ಟ್ರಕ್ಕಿನ ಹಿಂದಿನ ಬಂಪರಿಗೆ ಸಿಕ್ಕಿಸುವಂಥದ್ದಲ್ಲ. ಟ್ರೈಲರಿನ ಮೂತಿ ಟ್ರಕ್ಕಿನ ಹಿಂಬದಿಯ ತೊಟ್ಟಿಯ ಮೇಲೆ ಚಾಚಿಕೊಂಡಿರುತ್ತದೆ. ಅದರಿಂದ ಇಳಿಬಿದ್ದ ದಪ್ಪ ಪಿನ್ನನ್ನು, ತೊಟ್ಟಿಯಲ್ಲಿ ಕೂರಿಸಿದ ಕಬ್ಬಿಣದ ದವಡೆಯೊಂದು ಕಚ್ಚಿ ಹಿಡಿಯುತ್ತದೆ. ಆ ದವಡೆಯ ಸಾಧನವೇ ಹಿಚ್. ದಾರಿಯಲ್ಲಿ ತೂಗಾಡದೆ, ಗಾಳಿಗೆ ಓಲಾಡದೆ ಬರುವುದು ಇದೇ. ಡಾಕ್ಟ್ರು ಇದನ್ನೇ ಬೇಕೆಂದರು. ಅದೂ ಸರಿ.

ಟ್ರಕ್ಕನ್ನು ಬೇಗ ಕೊಂಡರು. ಆದರೆ ಅವರ ಕಾಲೊನಿಯ ನಿಯಮದ ಪ್ರಕಾರ ಅಂಥ ಟ್ರಕ್ಕನ್ನು ಮನೆಯ ಮುಂದೆ ನಿಲ್ಲಿಸುವಂತಿಲ್ಲ, ಗರಾಜಿನೊಳಗೇ ಇರಬೇಕು. ಗರಾಜಿಗೆ ಹಿಡಿಸಲೆಂದು ಗಿಡ್ಡ ತೊಟ್ಟಿಯದ್ದನ್ನು ಆರಿಸಿದರು. ತೊಟ್ಟಿ ಗಿಡ್ಡವಾದರೆ, ಬಿಗಿಯಾಗಿ ತಿರುಗಿಸುವಾಗ ಟ್ರೈಲರಿನ ಮೂಲೆ ಬಂದು ಟ್ರಕ್ಕಿನ ಹಿಂದಿನ ಗಾಜಿಗೆ ಬಡಿಯಬಹುದು. ಅದಕ್ಕೆ ಹಿಂದಕ್ಕೆ ಸರಿಯುವ ಹಿಚ್ ಬೇಕು. ತಾನೇ ಸರಿಯುವಂಥದ್ದು ಬಲು ತೂಕ. ಹಿಚ್ಚಿನ ತೂಕ ಹೆಚ್ಚಿದಷ್ಟೂ ಟ್ರಕ್ಕು ಹೊರಬಹುದಾದ ಉಳಿದ ಭಾರ ಕಮ್ಮಿಯಾಗುತ್ತದೆ. ಹಗುರದ್ದು ಬೇಕೆಂದರೆ ತಿರುವಿಗೆ ಮೊದಲು ಇಳಿದು ಕೈಯಿಂದ ಹಿಡಿ ಎಳೆಯಬೇಕು. ಇಳಿದವರು ಮರೆತರೆ? ಇನ್ನೂ ಹಗುರದ್ದೊಂದಿದೆ, ತೊಟ್ಟಿಯ ನಡುವಿನ ಕಬ್ಬಿಣದ ಗುಂಡಿಗೆ ಅಡಾಪ್ಟರ್ ಸಿಕ್ಕಿಸುವುದು. ಅದನ್ನು ಹಾಕಿದರೆ ಟ್ರೈಲರಿನ ಕಂಪನಿ ಗ್ಯಾರಂಟಿ ಕೊಡುವುದಿಲ್ಲ. ಹೀಗೆ ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತಿತ್ತು, ಡಾಕ್ಟ್ರು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು.

ಟ್ರಕ್ ಕೊಳ್ಳುವವರಿಗೆ ನನ್ನದೊಂದು ಮಾತು. ಮೊದಲು ಟ್ರೈಲರ್ ಆರಿಸಿ, ಆಮೇಲೆ ಹಿಚ್ಚು, ಕೊನೆಗೆ ಟ್ರಕ್ಕು. ಡ್ರೈವರ್ ಬಾಗಿಲಿನ ಒಳಗೆ ಅಂಟಿಸಿರುವ ಹಳದಿ ಚೀಟಿಯಲ್ಲಿ ಎಷ್ಟು ಭಾರ ಹೊರುತ್ತದೆಂದು ಬರೆದಿರುತ್ತದೆ, ಸೇಲ್ಸ್‌ಮನ್ ಬಾಯಿಗಿಂತ ಅದನ್ನು ನಂಬಿ. ಗರಾಜಿನ ಅಳತೆಯಿಂದ ಶುರುಮಾಡಿದರೆ ಡಾಕ್ಟ್ರ ಪಾಡಾಗುತ್ತದೆ.

ಆಂಟಿಯ ಊಟದ ಮೇಜನ್ನು ಅವರು ಹಿಡಿದುಕೊಂಡರು. ಸೀರಿಯಲ್ ಡಬ್ಬಿಗಳನ್ನು ಕತ್ತರಿಸಿ ಅಳತೆಗೆ ಸರಿಯಾಗಿ ಒಂದು ರಟ್ಟಿನ ಟ್ರಕ್ಕು, ಒಂದು ರಟ್ಟಿನ ಟ್ರೈಲರು ಮಾಡಿ, ಗುಂಡುಸೂಜಿಯಲ್ಲಿ ಜೋಡಿಸಿ, ಯಾವ ಕೋನದಲ್ಲಿ ಮೂಲೆ ಬಡಿಯುತ್ತದೆಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಡೈನಿಂಗ್ ಟೇಬಲ್ ಮೇಲೆ ಆರ್‌ವಿ ಪಾರ್ಕ್ ಆಗಿದೆ. ನಾವು ನಿಂತ್ಕೊಂಡು ಊಟ ಮಾಡ್ತೀವಿ" ಎಂದು ಆಂಟಿ ತಂಗಿಗೆ ವೀಡಿಯೋದಲ್ಲಿ ತೋರಿಸಿದರು.

"ಭಾವಾ, ಹಿಚ್ ಸಿಕ್ತಾ?" ತಂಗಿಯ ತಲೆಗೆ ಆಗ ಸ್ಕಾರ್ಫ್ ಬಂದಿತ್ತು.

"ನ್ಯಾರೋ ಡೌನ್ ಮಾಡಿದೀನಮ್ಮ. ಇನ್ನು ಸ್ವಲ್ಪ ನೋಡ್ಬೇಕು."

"ನೋಡಿ ನೋಡಿ. ನನಗಂತೂ ಏನೂ ಅರ್ಜೆಂಟಿಲ್ಲ." ಹೀಗಂದು ತಂಗಿ ತಾವೇ ನಕ್ಕರು. ಆಮೇಲೆ ಅಕ್ಕನಿಗೆ, "ನೀನ್ ಬರಕ್ಕಾಗದಿದ್ರೆ ನನ್ನ ಕಿಡ್ನಿನಾದ್ರೂ ಕಳ್ಸೇ. ಮಾತಾಡಿಸಿ ವಾಪಸ್ ಕಳಿಸ್ತೀನಿ" ಅಂದರು.

ವರ್ಜೀನಿಯಾದಲ್ಲೇ ಇರುವ ಒಂದು ಆರ್‌ವಿ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋದರು. ತಾನೇ ಸರಿಯುವ ಒಂದು ಹಿಚ್ ಅವರ ಲೆಕ್ಕಕ್ಕೆ ಹೆಚ್ಚುಕಮ್ಮಿ ಒಗ್ಗಿತ್ತು. ನಾನು ಮಾತಾಡಿ, ಎದ್ದು ಬಾಗಿಲವರೆಗೂ ಹೋಗಿ, ಮತ್ತೆ ಬಂದು ಕೂತು, ಕೂರಿಸಿಕೊಡುವ ಕೂಲಿಯನ್ನು ಬಿಡಿಸಿದ್ದೆ. ಸೇಲ್ಸ್‌ಮನ್ ಕೈ ಚಾಚಿದ. ಆಗ ಡಾಕ್ಟ್ರು ಕನ್ನಡಕ ಮೇಲಕ್ಕೇರಿಸಿ ಕೇಳಿದರು: ಈ ದವಡೆ ಬಿಟ್ಟುಕೊಂಡ ಉದಾಹರಣೆ ಎಷ್ಟಿವೆ?

"ಇಷ್ಟು ವರ್ಷದಿಂದ ಮಾರ್ತಿದೀನಿ ಸರ್. ಒಬ್ಬರೂ ಬಂದು ಕಂಪ್ಲೇಂಟ್ ಮಾಡಿಲ್ಲ" ಎಂದ ಆತ.

"ಸತ್ತವರು ಬಂದು ಕಂಪ್ಲೇಂಟ್ ಮಾಡಲ್ಲವಲ್ಲ" ಅಂದರು ಡಾಕ್ಟ್ರು. ಆತನ ಕೈ ಗಾಳಿಯಲ್ಲೇ ಉಳಿಯಿತು. ಹೊರಗೆ ಬಂದ ಮೇಲೆ ನನಗೆ, "ಅವನ ಡೇಟಾ ಸಾಲದು ಕಣಯ್ಯ" ಅಂದರು.

ನನಗೆ ತಡೆಯಲಾಗಲಿಲ್ಲ. ಪಾರ್ಕಿಂಗ್ ಲಾಟಿನಲ್ಲೇ ಹೇಳಿದೆ. "ಡಾಕ್ಟ್ರೇ, ಹಿಚ್ಚೂ ಬೇಡ, ಆರ್‌ವಿಯೂ ಬೇಡ. ನನ್ನ ವ್ಯಾನು ತೊಳೆದು ನಿಲ್ಲಿಸ್ತೀನಿ. ಕ್ಯಾಂಪಿಂಗ್ ಅಂಗಡೀಲಿ ಬಕೆಟ್ಟಿನಂಥ ಟಾಯ್ಲೆಟ್ ಸಿಗತ್ತೆ, ಹಿಂದೆ ಇಟ್ಟು ಪರದೆ ಕಟ್ತೀನಿ. ನಾನೊಬ್ನೇ ಮಾಸ್ಕ್ ಹಾಕ್ಕೊಂಡು ಓಡಿಸ್ತೀನಿ. ಬೆಳಿಗ್ಗೆ ಹೊರಟ್ರೆ ಸಂಜೆಗೆ ಆಲ್ಫರೆಟ್ಟಾ."

ಅವರು ಕೋಪಿಸಿಕೊಳ್ಳಲಿಲ್ಲ. ಅವರು ಎಂದೂ ಕೋಪಿಸಿಕೊಂಡವರಲ್ಲ. ಬಹಳ ಮೃದುವಾಗಿ ಕೇಳಿದರು: "ನಿನ್ನ ವ್ಯಾನಲ್ಲಿ ಗಾಳಿ ಫಿಲ್ಟರ್ ಯಾವುದಿದೆ?"

ನನಗೆ ಗೊತ್ತಿರಲಿಲ್ಲ.

"ನೋಡು. ಗೊತ್ತಿಲ್ಲದೆ ಕರ್ಕೊಂಡು ಹೋಗ್ತೀನಿ ಅಂತೀಯ."

ನಾನು ಆಂಟಿಗೂ ಹೇಳಿದೆ, ಗರಾಜಿನ ಮುಂದೆ ಸ್ಟೂಲಿನ ಆಚೆ ನಿಂತು. ಅವರು ಬಹಳ ಹೊತ್ತು ನನ್ನ ವ್ಯಾನನ್ನೇ ನೋಡಿದರು. "ಅಲ್ಲಿ ನನಗೆ ಏನಾದ್ರೂ ಆದ್ರೆ ಇವರು 'ನಾನು ಹೇಳಿರ್ಲಿಲ್ವಾ' ಅನ್ನಲ್ಲ ಕಣಪ್ಪ. ಸುಮ್ನೆ ಪಕ್ಕದಲ್ಲಿ ಕೂತಿರ್ತಾರೆ. ಅದನ್ನ ನನ್ನ ಕೈಲಿ ನೋಡಕ್ಕಾಗಲ್ಲ" ಅಂದರು.

ಬೇಸಿಗೆ ಕಳೆದು ಎಲೆ ಕೆಂಪಾಗುವ ಹೊತ್ತಿಗೆ ಡಾಕ್ಟ್ರು ಕೊನೆಗೂ ಒಂದು ಹಿಚ್ ಆರಿಸಿದರು. ಅದೇ ಅಂಗಡಿಯ ಅದೇ ಹಿಚ್. ನಾನು ಬಿಡಿಸಿದ್ದ ಕೂಲಿ ಅಷ್ಟರಲ್ಲಿ ಮತ್ತೆ ಸೇರಿಕೊಂಡಿತ್ತು, ಇರಲಿ ಬಿಡಿ. ಟ್ರೈಲರೂ ಬಂದು, ಊರಾಚೆ ಬಾಡಿಗೆಗೆ ಆರ್‌ವಿ ನಿಲ್ಲಿಸುವ ಬಯಲಿನಲ್ಲಿ ನಿಂತಿತು. ಆಲ್ಫರೆಟ್ಟಾದಲ್ಲಿ ಚಿಕಿತ್ಸೆ ನಿಲ್ಲಿಸಿದ್ದರು. ಇನ್ನು ನೋವು ತಿಳಿಯದ ಹಾಗೆ ಇಡುವುದಷ್ಟೇ. ತಂಗಿ ಗಟ್ಟಿ ಆಹಾರ ಬಿಟ್ಟಿದ್ದರು, ಚಿಕ್ಕಂದಿನಲ್ಲಿ ತಿನ್ನುತ್ತಿದ್ದ ರಾಗಿ ಹುರಿಹಿಟ್ಟು ಹಾಲಲ್ಲಿ ಕಲಸಿಕೊಟ್ಟರೆ ಎರಡು ಚಮಚ ತಿಂದೇನು ಅಂದಿದ್ದರಂತೆ. ಆಂಟಿ ರಾಗಿ ನೆನೆಸಿ, ಆರಿಸಿ, ಹುರಿದು, ಪುಡಿ ಮಾಡಿ, ಸ್ಟೀಲ್ ಡಬ್ಬಿಗೆ ತುಂಬಿದರು.

ಹೊರಡುವ ದಿನ ಬೆಳಿಗ್ಗೆ ನಾನೂ ಆ ಬಯಲಿಗೆ ಹೋದೆ, ದಾರಿಗೆ ಪುಳಿಯೋಗರೆ ಕೊಡಲು. ಆಂಟಿ ಟ್ರಕ್ಕಿನ ಮುಂದಿನ ಸೀಟಿನಲ್ಲಿ ಆಗಲೇ ಕೂತು ಬೆಲ್ಟ್ ಹಾಕಿಕೊಂಡಿದ್ದರು. ಡಬ್ಬಿ ತೊಡೆಯ ಮೇಲೆ. ಒಳ್ಳೆಯ ಸೀರೆ ಉಟ್ಟಿದ್ದರು, ಕಿವಿಗೆ ತಂಗಿ ಕೊಡಿಸಿದ್ದ ಓಲೆ. ಡಾಕ್ಟ್ರು ಮೆಲ್ಲಗೆ ಟ್ರಕ್ಕನ್ನು ಹಿಂದಕ್ಕೆ ತಂದು ಪಿನ್ನಿಗೆ ಜೋಡಿಸಿದರು. ಒಂದೇ ಸಲಕ್ಕೆ ಕೂತಿತು. ನಾನು ಇಷ್ಟು ವರ್ಷ ಟ್ರೈಲರ್ ಎಳೆದಿದ್ದೇನೆ, ಅಷ್ಟು ನೇರವಾಗಿ ಹಿಂದಕ್ಕೆ ತಂದವನಲ್ಲ.

ಕೊನೆಗೆ ಎಳೆದು ನೋಡುವ ಪರೀಕ್ಷೆ. ಟ್ರೈಲರಿನ ಬ್ರೇಕು ಮಾತ್ರ ಹಿಡಿದು, ಟ್ರಕ್ಕನ್ನು ಒಂದಿಷ್ಟು ಮುಂದಕ್ಕೆ ಎಳೆಯಬೇಕು. ದವಡೆ ಸರಿಯಾಗಿ ಕಚ್ಚಿದ್ದರೆ ಟ್ರಕ್ಕು ನಿಲ್ಲುತ್ತದೆ. ಡಾಕ್ಟ್ರು ಎಳೆದರು. ಟ್ರಕ್ಕು ನಿಂತಿತು. ನಿಲ್ಲುವಾಗ "ಟಕ್" ಎಂದು ಶಬ್ದವಾಯಿತು.

ಅವರು ಇಳಿದು ಬಂದು ಟಾರ್ಚ್ ಬಿಟ್ಟು ನೋಡಿದರು. ಹೋಗಿ ಮತ್ತೆ ಎಳೆದರು. ಟಕ್. ಮತ್ತೆ ಇಳಿದರು. ಬಯಲು ನೋಡಿಕೊಳ್ಳುತ್ತಿದ್ದ ಮುದುಕ ದೂರದಿಂದಲೇ ಹೆಬ್ಬೆಟ್ಟು ತೋರಿಸಿ, ಎಲ್ಲ ಹಿಚ್ಚೂ ಹಾಗೇ ಅನ್ನುತ್ತೆ, ಹೊರಡಿ ಅಂದ. ಪಿನ್ನಿಗೂ ದವಡೆಗೂ ನಡುವೆ ಕೂದಲೆಳೆಯಷ್ಟು ಸಡಿಲ ಇರಲೇಬೇಕು, ಇಲ್ಲದಿದ್ದರೆ ಅದು ತೆರೆಯುವುದು ಹೇಗೆ? ನಾನೂ ಅದನ್ನೇ ಹೇಳಿದೆ.

"ಇರಬೇಕು. ಒಪ್ತೀನಿ. ಎಷ್ಟಿರಬೇಕು?" ಅಂದರು ಡಾಕ್ಟ್ರು.

"ಇಷ್ಟೇ ಇರತ್ತೆ ಡಾಕ್ಟ್ರೇ."

"ಇಷ್ಟೇ ಅಂದ್ರೆ? ಲಿಮಿಟ್ ಏನು? ಹೈವೇನಲ್ಲಿ ಇದು ಬಿಟ್ಕೊಂಡ್ರೆ ಹಿಂದೆ ಬರೋ ಕಾರಲ್ಲಿ ಯಾರ್ಯಾರಿರ್ತಾರೋ. ಕಂಪನಿಯವರಿಗೆ ವೀಡಿಯೋ ಕಳಿಸಿ ಕೇಳ್ತೀನಿ. ಬರೆದು ಕೊಡ್ಲಿ, ಹೊರಡ್ತೀನಿ." ಆಮೇಲೆ ಟ್ರಕ್ಕಿನ ಬಾಗಿಲ ಹತ್ತಿರ ಹೋಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು: "ಇಳಿ. ಇವತ್ತಾಗಲ್ಲ."

"ಬೆಲ್ಟ್ ಹಾಕ್ಕೊಂಡಿದೀನಿ ಕಣ್ರೀ" ಅಂದರು ಆಂಟಿ.

ಅಷ್ಟೇ. ಡಾಕ್ಟ್ರು ಒಳಗೆ ಬಗ್ಗಿ, ತಾವೇ ಬೆಲ್ಟ್ ಬಿಚ್ಚಿ, ಡಬ್ಬಿಯನ್ನು ಒಂದು ಕೈಲಿ ಹಿಡಿದು, ಇನ್ನೊಂದು ಕೈ ಕೊಟ್ಟು ಇಳಿಸಿಕೊಂಡರು. ಎಷ್ಟು ಜೋಪಾನ. ಕೆಳಗೆ ಜಲ್ಲಿ ಇತ್ತು, ಕಾಲು ಜಾರೀತೆಂದು ಕೈ ಬಿಡಲಿಲ್ಲ. ಹಾಲ್‌ನಲ್ಲಿ ಮೈಕ್ ಹಿಡಿದವರು ಹೇಳಿದ್ದು ಇದನ್ನೇ, ನೋಡಿಕೊಂಡ ಹಾಗೆ ಯಾರೂ ನೋಡಿಕೊಳ್ಳಲಾರರು ಅಂತ. ಸರಿಯಾಗಿಯೇ ಹೇಳಿದರು.

ಕಂಪನಿಯ ಉತ್ತರ ಬರುವ ಮೊದಲು ತಂಗಿ ಹೋದರು. ಅಲ್ಲಿನ ಕೊನೆಯ ದರ್ಶನವನ್ನೂ ದಹನವನ್ನೂ ಆಂಟಿ ಲ್ಯಾಪ್‌ಟಾಪಿನಲ್ಲಿ ನೋಡಿದರು. ಅದನ್ನು ಊಟದ ಮೇಜಿನ ಮೇಲೆ ಇಡಲು ಡಾಕ್ಟ್ರು ರಟ್ಟಿನ ಟ್ರಕ್ಕು ಟ್ರೈಲರುಗಳನ್ನು ಪಕ್ಕಕ್ಕೆ ಸರಿಸಿಕೊಟ್ಟರಂತೆ. ಕೆಲವು ದಿನ ಕಳೆದು ನನಗೊಂದು ಮೇಲ್ ಬಂತು. ಆ ಶಬ್ದ ಸಹಜ, ಸಡಿಲ ಮಿತಿಯೊಳಗೇ ಇದೆ ಎಂದು ಕಂಪನಿ ಬರೆದದ್ದನ್ನು ಡಾಕ್ಟ್ರು ನನಗೆ ಕಳಿಸಿ, ಮೇಲೆ ಒಂದು ಸಾಲು ಸೇರಿಸಿದ್ದರು: ನೀನು ಹೇಳಿದ್ದು ಸರಿ, ಆದರೆ ಆಗ ನಿನಗೆ ಅದು ಗೊತ್ತಿರಲಿಲ್ಲ.

ಇದನ್ನು ಓದಿದ ದಿನದಿಂದ ನಾನು ಸ್ಟೂಲಿನ ಮೇಲೆ ಡಬ್ಬಿ ಇಟ್ಟು, ಬೆಲ್ ಒತ್ತಿ, ಅವರು ಬರುವ ಮೊದಲೇ ಹೊರಟುಬಿಡುತ್ತಿದ್ದೆ.

ಆಂಟಿ ಆ ಟ್ರೈಲರಿನೊಳಗೆ ಒಮ್ಮೆಯೂ ಕಾಲಿಡಲಿಲ್ಲ. ಡಾಕ್ಟ್ರು ಮಾತ್ರ ಹೋಗುತ್ತಿದ್ದರು. ತಿಂಗಳಿಗೊಮ್ಮೆ ಬಯಲಿಗೆ ಹೋಗಿ, ಜೋಡಿಸಿ, ಎಳೆದು ನೋಡಿ, ಬಿಚ್ಚಿ, ದವಡೆಗೆ ಗ್ರೀಸ್ ಹಚ್ಚಿ ಬರುತ್ತಿದ್ದರು. ಅದು ಗಾಡಿಯ ಮೇಲಿನ ಅಕ್ಕರೆಯೋ ಪಶ್ಚಾತ್ತಾಪವೋ ಎಂದು ಜನ ಕೇಳುತ್ತಾರೆ. ನಾನು ಕಂಡಂತೆ ಪಶ್ಚಾತ್ತಾಪವಲ್ಲ. ತಪ್ಪು ಮಾಡಿದವರಿಗೆ ಪಶ್ಚಾತ್ತಾಪ. ಇವರು ತಪ್ಪೇ ಮಾಡಿರಲಿಲ್ಲವಲ್ಲ.

ಸಮಾರಾಧನೆ ಮುಗಿದ ಮೇಲೆ ಆಂಟಿ ನನ್ನನ್ನು ಕರೆದು, ಟ್ರಕ್ಕು ಟ್ರೈಲರು ಎರಡನ್ನೂ ಮಾರಿಕೊಡು ಅಂದರು. ಇಂಥದ್ದನ್ನು ಮಾರುವವರಿಗೆ ಒಂದು ಮಾತು: ಸತ್ತವರದ್ದು ಎಂದು ಹೇಳಬೇಡಿ, ಬೆಲೆ ಇಳಿಸುತ್ತಾರೆ. ನಾನು ಹೇಳಲಿಲ್ಲ. ಸೌತ್ ಕೆರೊಲಿನಾದಿಂದ ಒಂದು ಎಳೆಯ ಜೋಡಿ ಆ ಬಯಲಿಗೆ ಬಂತು, ಆಂಟಿಯೂ ನನ್ನ ಜೊತೆ ಬಂದಿದ್ದರು. ಗಂಡು ಟ್ರಕ್ಕಿನ ತೊಟ್ಟಿಗೆ ಹತ್ತಿ ಹಿಚ್ಚಿನ ದವಡೆಯೊಳಗೆ ಬೆರಳಾಡಿಸಿ, ಗೀರೇ ಇಲ್ಲವಲ್ಲ, ಎಷ್ಟು ದೂರ ಎಳೆದಿದ್ದೀರಿ ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲು ಆಂಟಿ ಇಂಗ್ಲಿಷಿನಲ್ಲೇ ಉತ್ತರಿಸಿದರು. ಎಲ್ಲಿಗೂ ಇಲ್ಲ, ಬಹಳ ಸೇಫ್ ಆಗಿದೆ.

ಆತ ಬೆಲೆ ಒಪ್ಪಿ, ಟ್ರಕ್ಕನ್ನು ಹಿಂದಕ್ಕೆ ತಂದು, ಸೊಟ್ಟಗಾಗಿ, ಮತ್ತೆ ಮುಂದಕ್ಕೆ ಹೋಗಿ, ಮತ್ತೆ ತಂದು, ಹೇಗೋ ಜೋಡಿಸಿದ. ಎಳೆದು ನೋಡಿದ. ಟಕ್. ಹೆಂಡತಿಯ ಕಡೆ ನೋಡಿ ನಕ್ಕು, "ಕೂತ್ಕೊಂಡ್ತು" ಅನ್ನುವ ಅರ್ಥದ್ದೇನೋ ಅಂದು, ಕೆಳಗೂ ಇಳಿಯದೆ ಹೊರಟೇಹೋದ. ಟ್ರೈಲರಿನ ಬೆನ್ನು ಗೇಟು ದಾಟಿ, ತಿರುವಿನಲ್ಲಿ ಎಲ್ಲಿಗೂ ಬಡಿಯದೆ ಮರೆಯಾಯಿತು.

ಆಂಟಿ ಅದು ಹೋದ ಕಡೆಯೇ ನೋಡುತ್ತ ನಿಂತಿದ್ದರು.

"ಟಕ್ ಅಂತು, ಅಲ್ವಾ?"

"ಅಂತು ಆಂಟಿ."

"ಆದ್ರೂ ಹೋದ್ನಲ್ಲ."

"ಹೋದ."

ನನ್ನ ಕಡೆ ತಿರುಗಿ ಕೇಳಿದರು: "ನಿನ್ನ ವ್ಯಾನು ಯಾವತ್ತು ಖಾಲಿ ಇರತ್ತೆ?"

ಮುಂದಿನ ವಾರ ಹೊರಟೆವು. ಬಕೆಟ್ಟು, ಪರದೆ ಎಲ್ಲ ಕಟ್ಟುತ್ತೇನೆ ಅಂದರೆ ಬೇಡ ಅಂದರು. ಆಲ್ಫರೆಟ್ಟಾದಲ್ಲಿ ತಂಗಿಯ ಗಂಡ ಒಬ್ಬರೇ ಇದ್ದಾರೆ, ನೋಡಬೇಕಾದ್ದು ಒಂದು ಫೋಟೋ ಮತ್ತು ಹಿತ್ತಲು. ದಾರಿಯುದ್ದಕ್ಕೂ ಆಂಟಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದರು. ವರ್ಜೀನಿಯಾ ದಾಟಿ ನಾರ್ತ್ ಕೆರೊಲಿನಾಕ್ಕೆ ಕಾಲಿಟ್ಟ ಮೇಲೆ, ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸು ಅಂದರು. ಪೈನ್ ಮರಗಳ ನಡುವೆ ಇಟ್ಟಿಗೆಯ ಕಟ್ಟಡ. ಮುಂದೆ ಒಬ್ಬಾಕೆ ನೆಲ ಒರೆಸುತ್ತಿದ್ದಳು. ಆಂಟಿ ಮಾಸ್ಕ್ ಸರಿಮಾಡಿಕೊಂಡು ಒಳಗೆ ಹೋದರು. ನಾನು ವ್ಯಾನಿಗೆ ಒರಗಿ ನಿಂತೆ.

ಬೇಗ ಬಂದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ವ್ಯಾನಿನ ಬಾಗಿಲ ಹತ್ತಿರ ನಿಂತು, ತಿರುಗಿ ಆ ಕಟ್ಟಡವನ್ನು ಒಮ್ಮೆ ನೋಡಿದರು.

"ಇಷ್ಟೇನಾ?" ಅಂದರು.

"ಇಷ್ಟೇ ಆಂಟಿ."

ಒಳಗೆ ಹತ್ತಿ ಕೂತು, ತಾವೇ ಬೆಲ್ಟ್ ಹಾಕಿಕೊಂಡರು.